ಗುಡ್ಡ ಇಳಿದು ಬಂದವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಮೆರಿಕದ ಸೈನಿಕರ ಎದುರಿಗೇ ನಿಂತು, ಅವರ ದೇಶದ ಬಹು ಹಳೆಯ ಯುದ್ಧವೊಂದನ್ನು ನಕಲು ಮಾಡಿ ತೋರಿಸಿ, ಅವರು ಸೋತಿದ್ದ ಆ ಯುದ್ಧವನ್ನು ಗೆಲ್ಲಿಸಿಕೊಟ್ಟ ಮಹಾನುಭಾವ ನಾನು. ಬರೀ ಗೆಲ್ಲಿಸಿದ್ದರೆ ಮಾಫಿ ಇತ್ತೇನೋ. ಗೆದ್ದ ಮೇಲೆ ಅವರ ಸೇನಾನಿಯಿಂದ ಮೀಸೆ ತಿರುವಿಸಿ, ನಮ್ಮೂರ ಬಯಲಾಟದ ರಾಜನಂತೆ ಗುಡ್ಡದ ತುದಿಯಲ್ಲಿ ಕುಣಿಸಿಯೂ ಬಿಟ್ಟೆ. ಆ ಕಾಲದಲ್ಲಿ ಅವರ ಕಡೆ ಮೀಸೆ ಬಿಡುವ ರೂಢಿಯೇ ಇರಲಿಲ್ಲವಂತೆ. ಅದೂ ಆಮೇಲೆ ತಿಳಿಯಿತು.

ನಾನು ಹಾವೇರಿ ಪಕ್ಕದ ಅಗಡಿಯವನು. ಸೈನ್ಯದಲ್ಲಿ ಹದಿನೇಳು ವರ್ಷ ಕಳೆದು ನಿವೃತ್ತನಾಗಿ ಬಂದಿದ್ದೇನೆ. ವಯಸ್ಸು ಇನ್ನೂ ಮೂವತ್ತಾರು. ಈ ಮುಖಕ್ಕೆ ‘ನಿವೃತ್ತ’ ಎಂಬ ಮಾತು ಒಪ್ಪುವುದಿಲ್ಲ ಎಂದು ಎಲ್ಲರ ಅಭಿಪ್ರಾಯ. ಹಾವೇರಿ ಬಸ್ ಸ್ಟ್ಯಾಂಡಿನ ಬಳಿ ಚಹಾ ಅಂಗಡಿ ಇಟ್ಟಿರುವ ನನ್ನ ಗೆಳೆಯನಂತೂ, “ರಿಟೈರ್ ಆಗೇನಂತ ಯಾರ ಮುಂದೂ ಹೇಳಬ್ಯಾಡಲೇ. ತಗದ ಹಾಕ್ಯಾರಂತ ತಿಳ್ಕೊಂತಾರ,” ಎಂದು ಬುದ್ಧಿ ಹೇಳಿದ್ದಾನೆ. ಬಡ್ತಿಯ ವಿಷಯ ಕೇಳಬೇಡಿ. ತೋಳಿನ ಮೇಲಿನ ಪಟ್ಟಿಗಳು ಬಂದವು, ನಾನು ಪರೇಡಿಗೆ ಬರುತ್ತಿದ್ದ ಹಾಗೆ, ತಡವಾಗಿ, ಬೈಸಿಕೊಂಡು.

ಈಗ ಬೆಳಗಿನ ಹೊತ್ತು ಹಾವೇರಿಯ ಮೈದಾನದಲ್ಲಿ ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರನ್ನು ಓಡಿಸುತ್ತೇನೆ. ಓಡಿ ಏದುಸಿರು ಬಿಡುತ್ತ ಅವರು ಕೇಳುವುದು ಒಂದೋ ಬಂದೂಕಿನ ಭಾರ, ಇಲ್ಲವೇ ಸೂಟಿ ಎಷ್ಟು ಸಿಗುತ್ತದೆ ಎಂಬುದು. ತಮ್ಮಂದಿರೇ, ಬಂದೂಕು ಭಾರವೇ, ಸೂಟಿ ಕಡಿಮೆಯೇ. ಅವೆರಡೂ ಸೇರಿದ ಮೊದಲ ವಾರದಲ್ಲೇ ತಿಳಿಯುತ್ತವೆ. ಗುಡ್ಡ ಹತ್ತುವುದನ್ನೂ ಅಲ್ಲಿ ಉಸ್ತಾದರು ಹಿಮ್ಮಡಿ ಸವೆಯುವ ಹಾಗೆ ಕಲಿಸುತ್ತಾರೆ. ಗುಡ್ಡ ಇಳಿಯುವುದನ್ನು ಮಾತ್ರ ನಾನು ಬಹಳ ತಡವಾಗಿ ಕಲಿತೆ. ಅದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ಮೊದಲು ನನ್ನ ರೋಗದ ಬಗ್ಗೆ. ಯಾರ ಧ್ವನಿ ಕಿವಿಗೆ ಬಿದ್ದರೂ ನನ್ನ ಗಂಟಲು ಅದನ್ನು ಇಟ್ಟುಕೊಂಡುಬಿಡುತ್ತದೆ. ಶಾಲೆಯಲ್ಲಿ ಮಾಸ್ತರರ ಧ್ವನಿಯಲ್ಲಿ ರಜೆ ಸಾರಿ ಇಡೀ ತರಗತಿಯನ್ನು ಮನೆಗೆ ಕಳಿಸಿದವನು ನಾನು. ಸೈನ್ಯದ ತರಬೇತಿ ಕೇಂದ್ರದಲ್ಲೂ ಬುದ್ಧಿ ಬರಲಿಲ್ಲ. ಒಂದು ದಿನ ಡ್ರಿಲ್ ಉಸ್ತಾದರು ನಮ್ಮ ತಂಡವನ್ನು ನಡೆಸುತ್ತಿದ್ದಾಗ ನಾನು ಕಾಲು ಉಳುಕಿದ ನೆಪ ಹೇಳಿ ಅಡುಗೆಮನೆಯ ಗೋಡೆಯ ಹಿಂದೆ ಕುಳಿತಿದ್ದೆ. ಸುಮ್ಮನೆ ಕೂರಲಾಗದೆ ಅವರದೇ ಧ್ವನಿ ತೆಗೆದು “ಪೀಛೇ ಮುಡ್!” ಎಂದು ಕೂಗಿದೆ. ತಂಡ ಧಡಕ್ಕನೆ ಹಿಂದೆ ತಿರುಗಿ ತರಕಾರಿ ಪಾತಿಯೊಳಗೆ ಹೊಕ್ಕು ಮೂಲಂಗಿ ತುಳಿಯುತ್ತ ನಡೆಯಿತು. ಅಚ್ಚರಿಯೆಂದರೆ ಉಸ್ತಾದರೂ ತಿರುಗಿಬಿಟ್ಟಿದ್ದರು. ತಮ್ಮ ಧ್ವನಿಗೆ ತಾವೇ ವಿಧೇಯರಾದ ಆ ದೃಶ್ಯಕ್ಕಾಗಿ, ಆಮೇಲೆ ಇಡೀ ಮೈದಾನವನ್ನು ಲಾಗ ಹಾಕುತ್ತ ದಾಟಿದ್ದು ನನಗೇನೂ ಹೆಚ್ಚೆನಿಸಲಿಲ್ಲ.

ಅಲ್ಲಿಂದ ಪಲ್ಟನ್ನಿಗೆ ಹೋದೆ. ಅಲ್ಲಿ ಸಿಕ್ಕವರು ಮಾಲತೇಶಪ್ಪ ಸಾಹೇಬರು.

ಅವರು ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದವರು, ನಮ್ಮ ಸುಬೇದಾರ್. ಮೈಯೆಲ್ಲ ಎಲುಬು, ಎಲುಬೆಲ್ಲ ಶಿಸ್ತು. ಅಧಿಕಾರಿಗಳ ಮುಂದೆ ಅವರು ಆಡುತ್ತಿದ್ದ ಹಿಂದಿಯಲ್ಲಿ ಹೆಣ್ಣೆಲ್ಲ ಗಂಡಾಗಿ, ಗಂಡೆಲ್ಲ ಬಹುವಚನವಾಗಿ, ಕ್ರಿಯಾಪದ ಮಾತ್ರ ರಾಣೆಬೆನ್ನೂರಿನಲ್ಲೇ ಉಳಿಯುತ್ತಿತ್ತು. ನನ್ನ ನಕಲುಗಳಲ್ಲಿ ಅತ್ಯಂತ ಹೆಚ್ಚು ಬೇಡಿಕೆಯಿದ್ದದ್ದು ಅವರದೇ. ನನಗೆ ‘ತೋತಾ’, ಅಂದರೆ ಗಿಳಿ, ಎಂದು ಹೆಸರಿಟ್ಟವರೂ ಅವರೇ.

ಪ್ರತಿಯೊಂದು ಪಲ್ಟನ್ನಿಗೂ ತನ್ನದೆಂಬ ಒಂದು ಯುದ್ಧದ ದಿನ ಇರುತ್ತದೆ. ಆ ದಿನ ಹೊಸದಾಗಿ ಬಂದ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆ ಯುದ್ಧದಲ್ಲಿ ಇದ್ದವರೇ ಎದ್ದು ನಿಂತು ಕಥೆ ಹೇಳಬೇಕು. ಕಾಗದ ನೋಡುವಂತಿಲ್ಲ, ಕುಳಿತು ಹೇಳುವಂತಿಲ್ಲ. ನಮ್ಮಲ್ಲಿ ಹೇಳುತ್ತಿದ್ದವರು ಮಾಲತೇಶಪ್ಪ ಸಾಹೇಬರು. ಉತ್ತರದ ಗಡಿಯಲ್ಲಿ, ಹುಲ್ಲೂ ಹುಟ್ಟದ ಒಂದು ಗುಡ್ಡದ ಮೇಲೆ ಅವರ ತುಕಡಿ ಹೋರಾಡಿತ್ತು. ಆಗ ಅವರ ಜೊತೆಗಿದ್ದು ಅಲ್ಲೇ ಪ್ರಾಣ ಬಿಟ್ಟವನು ಬ್ಯಾಡಗಿಯ ದಾವಲಸಾಬ.

ಅವರ ಹಿಂದಿಯನ್ನು ಇಲ್ಲಿ ಬರೆದರೆ ಅಚ್ಚುಮೊಳೆಗಳು ನೊಂದುಕೊಂಡಾವು. ನಮ್ಮ ಮಾತಿನಲ್ಲಿ ಹೇಳುವುದಾದರೆ, “ನೀರು ಮುಗೀತು. ಬಿಸ್ಕೀಟು ಮುಗೀತು. ಗುಂಡೂ ಮುಗದ್ವು,” ಎನ್ನುತ್ತಿದ್ದರು. ಅಲ್ಲಿ ಒಂದು ಉದ್ದನೆಯ ಉಸಿರು. ಬಲಗೈ ತಾನಾಗಿ ಬೆಲ್ಟಿನ ಬಕಲಿಗೆ ಹೋಗುತ್ತಿತ್ತು. ಕಣ್ಣು ಎದುರಿನ ಗೋಡೆಯ ಮೇಲಿನ ಒಂದು ಜಾಗಕ್ಕೆ ನಾಟುತ್ತಿತ್ತು. ಅನಂತರ, “ಆಮ್ಯಾಲ ಗುಡ್ಡ ನಮ್ಮದಾತು!” ಎಂದು ಗುಡುಗಿ ಕುಳಿತುಬಿಡುತ್ತಿದ್ದರು.

ಆ ಉಸಿರಿನಿಂದ ನಾನು ಬಾರಕ್ಕಿನಲ್ಲಿ ಎಷ್ಟು ನಗೆ ಗಿಟ್ಟಿಸಿದ್ದೇನೋ ಲೆಕ್ಕವಿಲ್ಲ. ‘ಚಹಾ ಮುಗೀತು, ಸಕ್ಕರೆ ಮುಗೀತು’ ಎಂದು ಶುರುಮಾಡಿ, ಬಕಲು ಹಿಡಿದು ಉಸಿರೆಳೆದರೆ ಸಾಕು, ಹುಡುಗರು ಮಂಚದಿಂದ ಕೆಳಗೆ ಬೀಳುತ್ತಿದ್ದರು. ಒಮ್ಮೆ ಹಾಗೆ ಉಸಿರೆಳೆದು ನಿಂತಾಗ ಯಾರೂ ಬೀಳಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಹೇಬರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಎಲ್ಲಾ ಬರೋಬರಿ ಮಾಡ್ತೀಯಲೇ ತೋತಾ. ಉಸಿರಷ್ಟ ಕಮ್ಮಿ ಬಿದ್ದೈತಿ.”

ಅಷ್ಟೇ ಹೇಳಿ ಹೊರಟುಹೋದರು. ಅದನ್ನು ನಾನು ನಟನೆಯ ಪಾಠವೆಂದು ತಿಳಿದು, ಮರುದಿನದಿಂದ ಇನ್ನಷ್ಟು ಉದ್ದ ಉಸಿರೆಳೆಯಲು ಅಭ್ಯಾಸ ಮಾಡಿದೆ. ನನ್ನ ದಡ್ಡತನದ ಆಳವನ್ನು ಅಳೆಯಲು ಬಾವಿಯ ಹಗ್ಗ ಬೇಕು.

ನಡುವೆ ಕಾಲ ಬದಲಾಯಿತು. ಹೊಸ ಮೇಜರ್ ಸಾಹೇಬರೊಬ್ಬರು ಯುದ್ಧದ ದಿನಕ್ಕೆ ಪರದೆ ಕಟ್ಟಿಸಿ, ನಕ್ಷೆ, ಬಾಣದ ಗುರುತು, ಹಿನ್ನೆಲೆ ಸಂಗೀತ ಎಲ್ಲ ಸೇರಿಸಿ ಚಿತ್ರವೊಂದನ್ನು ಮಾಡಿಸಿದರು. ಕೆಂಪು ಬಾಣಗಳು ಗುಡ್ಡದ ಮೇಲೆ ಸರಸರ ಹತ್ತಿದವು. ಒಂದೇ ಒಂದು ಬಾಣವೂ ಬೆವರಲಿಲ್ಲ. ಹೊಸ ಹುಡುಗರು ಆಕಳಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯ ಹಿಂದಿನ ಸಾಲಿನಿಂದ ಸಾಹೇಬರ ಧ್ವನಿ ಎದ್ದಿತು: “ನೀರು ಮುಗೀತು...” ಆಕಳಿಸುತ್ತಿದ್ದ ಬಾಯಿಗಳು ಮುಚ್ಚಿದ್ದು ಕತ್ತಲೆಯಲ್ಲೂ ಗೊತ್ತಾಯಿತು. ಸೈನ್ಯದ ನೆನಪು ಬಾಯಿಯಿಂದ ಕಿವಿಗೆ ಹೋಗುವ ವಸ್ತು ಎಂದು ತಿಳಿದು ನನಗೆ ಮೊದಲ ಸಲ ರೋಮಾಂಚನವಾದದ್ದು ಆ ದಿನ. ಮರುದಿನ ಅದನ್ನೂ ನಕಲು ಮಾಡಿ ನಗಿಸಿದೆ, ಆ ಮಾತು ಬೇರೆ.

ಇನ್ನು ಅಮೆರಿಕದವರು. ಗುಡ್ಡಗಾಡಿನ ಒಂದು ಶಿಬಿರದಲ್ಲಿ ಅವರ ತುಕಡಿಯೊಂದರ ಜೊತೆ ನಮಗೆ ಜಂಟಿ ಅಭ್ಯಾಸವಿತ್ತು. ನಮ್ಮ ಬೇಳೆಸಾರು ತಿಂದು ಅವರು ಕಣ್ಣೀರಿಟ್ಟರು, ಅವರ ಪೊಟ್ಟಣದ ಊಟ ತಿಂದು ನಾವು ಕಣ್ಣೀರಿಟ್ಟೆವು. ಹೀಗೆ ಸ್ನೇಹ ಬೆಳೆಯಿತು. ಕೊನೆಯ ಸಂಜೆ ಬಡಾಖಾನಾ, ಅಂದರೆ ಎಲ್ಲ ದರ್ಜೆಯವರೂ ಒಟ್ಟಿಗೆ ಉಣ್ಣುವ ದೊಡ್ಡ ಊಟ. ಊಟಕ್ಕೆ ಮುಂಚೆ ಮನರಂಜನೆ. ನಮ್ಮ ಕ್ಯಾಪ್ಟನ್ ಸಾಹೇಬರು ನನ್ನನ್ನು ಕರೆದು, “ಅವರ ಇತಿಹಾಸದ್ದೇ ಒಂದು ತುಣುಕು ಮಾಡು, ಖುಷಿಪಡಲಿ,” ಎಂದು ಅವಸರದಲ್ಲಿ ಒಂದು ಕಥೆ ಹೇಳಿದರು.

ಬಂಕರ್ ಹಿಲ್ ಎಂಬ ಯುದ್ಧ. ಇನ್ನೂರು ವರ್ಷಕ್ಕೂ ಹಿಂದಿನದು. ಅಮೆರಿಕ ಎಂಬ ದೇಶ ಇನ್ನೂ ಹುಟ್ಟಿರದ ಕಾಲ. ಬಾಸ್ಟನ್ ಊರಿನ ಬಳಿ, ರೈತರು, ಕುಶಲಕರ್ಮಿಗಳು ತಮ್ಮ ಮನೆಯ ಬಂದೂಕು ಹಿಡಿದು ಗುಡ್ಡದ ಮೇಲೆ ಮಣ್ಣಿನ ಗೋಡೆ ಎಬ್ಬಿಸಿ ಕುಳಿತರು. ಕೆಳಗಿನಿಂದ ಕೆಂಪು ಅಂಗಿಯ ಇಂಗ್ಲಿಷ್ ಸೈನ್ಯ ಸಾಲುಗಟ್ಟಿ ಹತ್ತಿ ಬಂತು. ಮದ್ದು ಕಡಿಮೆಯಿತ್ತು. ಅದಕ್ಕೇ, ‘ಶತ್ರುವಿನ ಕಣ್ಣಿನ ಬಿಳಿ ಕಾಣುವ ತನಕ ಗುಂಡು ಹಾರಿಸಬೇಡಿ’ ಎಂಬ ಅಪ್ಪಣೆ. ಈಗ ಅಲ್ಲಿ ಆಕಾಶಕ್ಕೆ ಮುಟ್ಟುವ ಕಲ್ಲಿನ ಕಂಬವಿದೆ, ವರ್ಷವರ್ಷ ಮೆರವಣಿಗೆ ಮಾಡುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವರನ್ನು ಯಾರೋ ಕರೆದರು, ಹೊರಟುಹೋದರು.

ಗೆದ್ದವರು ಯಾರೆಂದು ನಾನು ಕೇಳಲೇ ಇಲ್ಲ. ಕಂಬ ನಿಲ್ಲಿಸಿದ್ದಾರೆ, ಮೆರವಣಿಗೆ ಮಾಡುತ್ತಾರೆ ಎಂದ ಮೇಲೆ ಕೇಳುವುದೇನು? ಸೋತದ್ದಕ್ಕೆ ಯಾರಾದರೂ ಬ್ಯಾಂಡು ಬಾರಿಸುತ್ತಾರೆಯೇ?

ವೇದಿಕೆ ಹತ್ತಿದೆ. ರೈತರನ್ನು ಅಗಡಿಯ ರೈತರನ್ನಾಗಿ ಮಾಡಿದೆ. ಒಬ್ಬ ತಂಬಾಕು ತಿಕ್ಕುತ್ತ, “ಏ, ಕಣ್ಣಿನ ಬಿಳಿ ಕಂಡ್ವೇನಲೇ?” ಎಂದರೆ ಇನ್ನೊಬ್ಬ, “ಹಳದಿ ಕಾಣಾಕತ್ತಾವ, ಕಾಮಣಿ ಆಗಿರಬೇಕು!” ಎನ್ನುತ್ತಿದ್ದ. ಕ್ಯಾಪ್ಟನ್ ಸಾಹೇಬರು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಅತಿಥಿಗಳು ತೊಡೆ ತಟ್ಟಿಕೊಂಡು ನಕ್ಕರು. ಆ ಹುಮ್ಮಸ್ಸಿನಲ್ಲಿ ಕೆಂಪು ಅಂಗಿಗಳನ್ನೆಲ್ಲ ಗುಡ್ಡದಿಂದ ಉರುಳಿಸಿ, ಸೇನಾನಿಯಿಂದ ಮೀಸೆ ತಿರುವಿಸಿ, ಬಾವುಟ ನೆಟ್ಟುಬಿಟ್ಟೆ.

ನಗು ನಿಂತಿತು. ಚಪ್ಪಾಳೆ ಬಂತು, ಆದರೆ ನೆಂಟರ ಮನೆಯಲ್ಲಿ ಉಪ್ಪಿಲ್ಲದ ಅಡುಗೆಯನ್ನು ಹೊಗಳುವ ರೀತಿಯ ಚಪ್ಪಾಳೆ.

ಅವರ ಪೈಕಿ ಹಿರಿಯ ಸಾರ್ಜೆಂಟನೊಬ್ಬ ಎದ್ದು ಬಂದ. ಬೋಳು ತಲೆ, ಬಾಗಿಲು ತುಂಬುವ ಮೈ. ಊರಿನಲ್ಲಿ ಅವನು ನಲ್ಲಿ ರಿಪೇರಿ ಕೆಲಸದವನು, ಕರೆ ಬಂದಾಗ ಸೈನಿಕ. ಅವನ ತುಕಡಿ ಆ ಯುದ್ಧ ನಡೆದ ಸೀಮೆಯದೇ. ನನ್ನ ಹೆಗಲ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದ. ಕ್ಯಾಪ್ಟನ್ ಸಾಹೇಬರು ತಿಳಿಸಿದರು: “ಚೆನ್ನಾಗಿ ಮಾಡಿದೆ. ಆದರೆ ಆ ಗುಡ್ಡ ನಮಗೆ ಉಳಿಯಲಿಲ್ಲ. ನಾವು ಸೋತೆವು. ಇನ್ನೊಂದು ಸಲ ಮಾಡುತ್ತೀಯಾ? ಸೋಲುವ ತನಕ?”

ನನ್ನ ಮುಖ ಆಗ ಹೇಗಿತ್ತೆಂದು ನಕಲು ಮಾಡಲು ನನಗೇ ಬಾರದು.

ಕಥೆಯ ಉಳಿದ ಭಾಗವನ್ನು ಅವನೇ ಹೇಳಿದ. ಎರಡು ಸಲ ಕೆಂಪು ಸಾಲುಗಳು ಹತ್ತಿ ಬಂದು ಎರಡು ಸಲವೂ ಸಿಕ್ಕಾಪಟ್ಟೆ ಜನರನ್ನು ಕಳೆದುಕೊಂಡು ಹಿಂದೆ ಸರಿದವು. ಮೂರನೆಯ ಸಲ ಮೇಲಿನವರ ಮದ್ದು ಮುಗಿದಿತ್ತು. ಬಂದೂಕನ್ನು ದೊಣ್ಣೆಯಂತೆ ಹಿಡಿದು ಬಡಿದಾಡಿದರು. ಆಮೇಲೆ ಇಳಿದರು. ಇಳಿಯುವವರು ಬದುಕಲೆಂದು ಕೆಲವರು ಪಕ್ಕದ ಬೇಲಿಯ ಹಿಂದೆ ಉಳಿದು ಶತ್ರುವನ್ನು ತಡೆದರು. “ಹೊಸ ಹುಡುಗರಿಗೆ ನಾನು ಮೊದಲು ಹೇಳುವುದು ಆ ಬೇಲಿಯ ಕಥೆ,” ಎಂದ. ಕಾದಾಟ ಬಹುಪಾಲು ನಡೆದದ್ದು ಬಂಕರ್ ಹಿಲ್ ಮೇಲೂ ಅಲ್ಲವಂತೆ, ಪಕ್ಕದ ಗುಡ್ಡದ ಮೇಲೆ. ಕಣ್ಣಿನ ಬಿಳಿಯ ಮಾತನ್ನು ಆಡಿದವರು ಯಾರು, ನಿಜಕ್ಕೂ ಆಡಿದರೋ ಇಲ್ಲವೋ, ಅದರ ಬಗ್ಗೆಯೂ ಇವತ್ತಿಗೂ ಜಗಳವಿದೆಯಂತೆ. “ಹೆಸರು ತಪ್ಪಿದರೆ ತಪ್ಪಲಿ, ಮಾತು ತಪ್ಪಿದರೆ ತಪ್ಪಲಿ. ಇಳಿದದ್ದನ್ನು ಬಿಟ್ಟರೆ ಮಾತ್ರ ಬೇಲಿಯ ಹಿಂದಿನವರನ್ನು ಎರಡನೆಯ ಸಲ ಬಿಟ್ಟು ಬಂದ ಹಾಗೆ.”

ಇನ್ನೂರು ವರ್ಷಗಳ ಹಿಂದೆ ಸೋತದ್ದನ್ನು ನಿನ್ನೆ ಸೋತವನಂತೆ, ಆದರೆ ಒಂದಿಷ್ಟೂ ನಾಚದೆ ಹೇಳುವ ಆ ನಲ್ಲಿ ರಿಪೇರಿಯವನನ್ನು ನಾನು ಬಾಯಿ ತೆರೆದುಕೊಂಡು ನೋಡಿದೆ. ಹುಟ್ಟಿದಂದಿನಿಂದ ನನ್ನ ಬಾಯಿ ಮಾತಿಲ್ಲದೆ ತೆರೆದಿದ್ದು ಅದೇ ಮೊದಲಿರಬೇಕು.

ಎರಡನೆಯ ಸಲ ಮಾಡಿದೆ. ಅದೇ ತಂಬಾಕು, ಅದೇ ಕಾಮಣಿ, ಅದೇ ನಗು. ಮೂರನೆಯ ಸಲ ಕೆಂಪು ಸಾಲು ಹತ್ತಿ ಬಂದಾಗ ಮದ್ದಿನ ಚೀಲಕ್ಕೆ ಕೈ ಹಾಕಿದೆ. ಖಾಲಿ. ಆ ಕ್ಷಣ ನನಗೆ ತಿಳಿಯದೆಯೇ ನನ್ನ ಬಲಗೈ ಬೆಲ್ಟಿನ ಬಕಲಿಗೆ ಹೋಯಿತು, ಉದ್ದನೆಯ ಉಸಿರು ಬಂತು. ಮಾಲತೇಶಪ್ಪ ಸಾಹೇಬರ ಉಸಿರು. ನಾನು ಕರೆದಿರಲಿಲ್ಲ, ತಾನಾಗಿ ಬಂದಿತ್ತು. ಆಮೇಲೆ ಗುಡ್ಡದ ಕಡೆಗೇ ಮುಖಮಾಡಿಕೊಂಡು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ವೇದಿಕೆ ಇಳಿದೆ.

ಯಾರೂ ನಗಲಿಲ್ಲ. ಅಮೆರಿಕದವರು ಎದ್ದು ನಿಂತಿದ್ದರು. ಹಿಂದಿನ ಸಾಲಿನಲ್ಲಿ ಇನ್ನೊಬ್ಬರೂ ನಿಂತಿದ್ದರು, ಸಾವಧಾನ್ ಭಂಗಿಯಲ್ಲಿ, ಕಣ್ಣು ಎದುರಿನ ಗೋಡೆಗೆ ನೆಟ್ಟು. ನಮ್ಮ ಸಾಹೇಬರು.

ಮರುದಿನ ಬೆಳಗ್ಗೆ ನೀರಿನ ಟ್ಯಾಂಕರ್ ಬಳಿ ತಟ್ಟೆ ತೊಳೆಯುತ್ತಿದ್ದೆ. ಅವರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು.

“ನಿನ್ನಿ ಉಸಿರು ಬರೋಬರಿ ಬಿತ್ತಲೇ ತೋತಾ.”

“ತಪ್ಪಾತ್ರೀ ಸಾಹೇಬ್ರ. ಬೇಕಂತ ಮಾಡಿದ್ದಲ್ಲ.”

“ಬೇಕಂತ ಮಾಡಿದ್ದರ ಬರ್ತಿರಲಿಲ್ಲ.” ತಟ್ಟೆಯೊಂದನ್ನು ತೆಗೆದುಕೊಂಡು ಬೂದಿ ಹಚ್ಚಿ ತಿಕ್ಕತೊಡಗಿದರು. “ನಾವೂ ಇಳದ ಬಂದವರ. ಗುಂಡು ಮುಗದ್ವು, ಕೆಳಗ ಬರ್ರಿ ಅಂತ ಹುಕುಂ ಆತು. ದಾವಲ್ ಮಷೀನ್ ಗನ್ ಮ್ಯಾಲಿದ್ದ. ಇದ್ದಬಿದ್ದ ಗುಂಡೆಲ್ಲಾ ಅವನ ಕಡೆ ಕೊಟ್ವಿ. ‘ನೀವು ನಡೀರಿ, ನಾ ಹಿಂದಿಂದ ಬಂದೆ’ ಅಂದ. ನಾವು ನಡದ್ವಿ. ಗುಡ್ಡ ತಗೊಂಡಿದ್ದು ಬ್ಯಾರೆ ತುಕಡಿ, ಆಮ್ಯಾಲ. ಅವನ್ನ ಕೆಳಗ ತಂದದ್ದೂ ಆವಾಗ.”

ಆ ಉಸಿರಿನೊಳಗೆ ಏನಿತ್ತು ಎಂಬುದು ಗೊತ್ತಾಯಿತು. ಇಡೀ ಒಂದು ಗುಡ್ಡದ ಇಳಿಜಾರು ಇತ್ತು. ಅದರ ಮೇಲೆ ನಾನು ಚಹಾ ಸಕ್ಕರೆ ಎಂದು ಕುಣಿದಿದ್ದೆ.

“ಸುಳ್ಳು ಹೇಳಿಲ್ಲಲೇ ನಾ. ಗುಡ್ಡ ನಮ್ಮದಾದದ್ದು ಖರೇ. ನಡುವಿಂದು ಬಾಯಿಗೆ ಬರ್ತಿದ್ದಿಲ್ಲ, ಅಷ್ಟ. ಪಲ್ಟನ್ಯಾಗ ಇನ್ಮ್ಯಾಲ ಹೇಳ್ತೇನಿ. ಅದೇನ ದೊಡ್ಡದಲ್ಲ. ಬ್ಯಾಡಗ್ಯಾಗ ದಾವಲ್‌ನ ಅವ್ವ, ಆ ಮುದುಕಿ ಅದಾಳ. ಪ್ರತಿ ಸೂಟಿಗೆ ಆಕಿ ಕೈಯಾನ ಸುರಕುಂಬಾ ಪಾಯಸ ಉಂಡೇನಿ. ಮಗ ಗುಡ್ಡ ಗೆದ್ದು ಬಾವುಟ ಹಚ್ಚಿ ಸತ್ತಾನಂತ ಊರು ಆಕಿಗೆ ಹೇಳೈತಿ. ಉಳದಾವ ಆಕಿ ಮಗ, ಇಳದಾವ ನಾ. ಅದನ್ನ ಆಕಿ ಮುಂದ ಹ್ಯಾಂಗ ಹೇಳಲಿ?”

ಇಬ್ಬರೂ ಸೇರಿ ತಟ್ಟೆ ತೊಳೆದೆವು.

ಮುಂದಿನ ಯುದ್ಧದ ದಿನ ಅವರು ಪಲ್ಟನ್ನಿನ ಮುಂದೆ ಪೂರ್ತಿ ಹೇಳಿದರು. ಇಳಿದದ್ದನ್ನೂ, ದಾವಲ್ ಉಳಿದದ್ದನ್ನೂ. ಮುಂದಿನ ಸಾಲಿನ ಹುಡುಗನೊಬ್ಬನ ಕೈ ತನಗರಿವಿಲ್ಲದೆ ಬಕಲಿಗೆ ಹೋದದ್ದನ್ನು ನೋಡಿದೆ. ಅವತ್ತಿನಿಂದ ನಾನು ಆ ನಕಲು ಮಾಡುವುದನ್ನು ಬಿಟ್ಟೆ. ಅವರ ಹಿಂದಿಯನ್ನು ಮಾತ್ರ ಬಿಡಲಿಲ್ಲ. ಅಷ್ಟು ತ್ಯಾಗ ನನ್ನಿಂದಾಗದು.

ಅವರು ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ನಾನೂ ಬಂದೆ. ಬ್ಯಾಡಗಿಯ ವಿಷಯ ಮಾತ್ರ ಹಾಗೆಯೇ ಉಳಿದಿತ್ತು. ಅಷ್ಟರಲ್ಲಿ ಅಲ್ಲಿಯವರು ದಾವಲ್ ಕಲಿತ ಶಾಲೆಯ ಮುಂದೆ ಅವನ ಹೆಸರಿನ ಕಲ್ಲು ನಿಲ್ಲಿಸಲು ಹೊರಟರು. ಮುಂದಾಳು ಗುರುಲಿಂಗಪ್ಪ ಸಾವಕಾರರು, ಮೆಣಸಿನಕಾಯಿ ದಲಾಲಿ ಅಂಗಡಿಯವರು. ಒಳ್ಳೆಯ ಮನುಷ್ಯ. ಅವರು ಮಾತಾಡಿದರೆ ಸಾಮಾನ್ಯ ಮಾತೂ ಹರಾಜಿನ ಸವಾಲು ಕೂಗಿದಂತೆ ಕೇಳಿಸುತ್ತದೆ. ನನಗೆ ಫೋನ್ ಮಾಡಿ, “ನೀವು ಮಿಮಿಕ್ರಿ ಮಾಡ್ತೀರಂತ ಕೇಳೇನಿ. ಕಲ್ಲು ತೆರೆಯೋ ದಿನ ಯುದ್ಧ ಮಾಡಿ ತೋರಸ್ರಿ. ಗುಂಡಿನ ಸಪ್ಪಳ ಜೋರ ಇರಲಿ,” ಎಂದರು. ಕಲ್ಲಿನ ಮೇಲೆ ಕೊರೆಸಲು ಬರಹವೂ ತಯಾರಾಗಿತ್ತು: ‘ಗುಡ್ಡ ಗೆದ್ದು ಬಾವುಟ ನೆಟ್ಟ ವೀರ.’ ಕೊರೆಯುವ ಮುನ್ನ ಅದನ್ನು ತಾಯಿಗೆ ಓದಿ ಹೇಳಬೇಕು, ಸಾಹೇಬರೂ ನೀವೂ ಬನ್ನಿ ಎಂದರು.

ಸಾಹೇಬರು ರಾಣೆಬೆನ್ನೂರಿನಿಂದ, ನಾನು ಹಾವೇರಿಯಿಂದ ಬಂದು ಮೋಟೆಬೆನ್ನೂರು ಕ್ರಾಸಿನಲ್ಲಿ ಕೂಡಿಕೊಂಡೆವು. ಸಾಹೇಬರದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖ ಮಾತ್ರ ಮುದುಡಿಕೊಂಡಿತ್ತು. ಬ್ಯಾಡಗಿಯ ಬಸ್ಸಿಗೆ ಕಾಯುತ್ತ ತಟ್ಟನೆ ಕೇಳಿದರು:

“ನಿಮ್ಮೂರಾಗ ವೀರಗಲ್ಲು ಐತೇನಲೇ?”

“ಐತ್ರಿ. ಸಣ್ಣಾಂವಿದ್ದಾಗ ಅದಕ್ಕ ಸೈಕಲ್ ಆನಿಸಿ ನಿಂದರಸ್ತಿದ್ದೆ.”

“ಅದರಾಗ ಏನೈತಿ?”

ನೆನಪು ಮಾಡಿಕೊಂಡೆ. ಕೆಳಗೆ ಕತ್ತಿ ಹಿಡಿದು ಕಾದುವವನು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನು.

“ಗೆದ್ದವರು ಯಾರಂತ ಐತೇನು?”

ಇಲ್ಲ. ಅಷ್ಟು ವರ್ಷ ಸೈಕಲ್ ಆನಿಸಿದ ಕಲ್ಲು. ಅದರಲ್ಲಿ ಸೋಲು ಗೆಲುವಿನ ಸುದ್ದಿಯೇ ಇರಲಿಲ್ಲ. ಒಬ್ಬನು ನಿಂತ ಎಂಬುದಷ್ಟೇ ಇತ್ತು. ಅಮೆರಿಕದ ಆಕಾಶಮುಟ್ಟುವ ಕಂಬವೂ ನಮ್ಮೂರಿನ ಎದೆಮಟ್ಟದ ಕಲ್ಲೂ ಒಂದೇ ಮಾತನ್ನು ಹೇಳುತ್ತಿದ್ದವು. ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ ಮೈ ಜುಮ್ಮೆಂದಿತು.

“ಇವತ್ತ ಹೇಳ್ತೇನಿ,” ಎಂದರು ಸಾಹೇಬರು. “ಆಕಿ ಬಾಗಿಲಾ ಹಾಕ್ಕೊಂಡ್ರ ಹಾಕ್ಕೊಳ್ಳಿ. ಕಲ್ಲಿನ ಮ್ಯಾಲ ಕೊರದ ಮ್ಯಾಲೆ ಹೇಳಾಕ ಬರೂದಿಲ್ಲ.”

ದಾವಲ್‌ನ ತಾಯಿ ಮಾಬುಬಿ ಅಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಒಂದು ಕಡೆ ಕೆಂಪು ರಾಶಿ, ಇನ್ನೊಂದು ಕಡೆ ತೊಟ್ಟಿನ ರಾಶಿ. ಬ್ಯಾಡಗಿಯವರಿಗೆ ಆ ಘಾಟು ಗಾಳಿಯಿದ್ದಂತೆ. ನಾನು ಸೀನಿದ ರಭಸಕ್ಕೆ ಕಟ್ಟೆಯ ಮೇಲಿದ್ದ ಕೋಳಿ ಹಾರಿಹೋಯಿತು.

“ಬಂದ್ಯಾ ಮಾಲತೇಶಾ. ಇವ ಯಾರು ಬೇಟಾ, ಪೋಲೀಸನೇನು?”

“ಅಲ್ಲಬೇ, ನಮ್ಮ ಪಲ್ಟನ್ನಿನವ. ಗಿಳಿ ಇದ್ದಂಗ.”

“ಗಿಳಿ ಮೆಣಸಿನಕಾಯಿ ತಿಂತೈತಿ. ಇದು ಸೀನತೈತಲ್ಲ!”

ನಾನು ಇನ್ನೊಮ್ಮೆ ಸೀನಿದೆ. ಅಷ್ಟರಲ್ಲಿ ಸಾವಕಾರರು ಬಂದರು. ಕುರ್ಚಿ ತರಿಸಿಕೊಂಡು ಕುಳಿತು ಬರಹವನ್ನು ಸವಾಲು ಕೂಗುವ ಧ್ವನಿಯಲ್ಲೇ ಓದಿದರು. ಅಮ್ಮ ಕೇಳಿದರು. ಕೈ ನಿಲ್ಲಲಿಲ್ಲ.

“ಬರೋಬರಿ ಐತಿಲ್ಲ ಸುಬೇದಾರ್ರ?” ಎಂದು ಸಾವಕಾರರು ತಿರುಗಿದರು.

ಸಾಹೇಬರು ಎದ್ದು ನಿಂತರು. ಕುಳಿತು ಹೇಳುವಂತಿಲ್ಲವಲ್ಲ. “ಬರೋಬರಿ ಇಲ್ರಿ,” ಎಂದರು. ಆಮೇಲೆ ಕಟ್ಟೆಯ ಕಡೆ ತಿರುಗಿ, “ಅವ್ವಾ, ನಾ ನಿನಗ ಪೂರ್ತಿ ಹೇಳಿಲ್ಲ. ಇವತ್ತ ಹೇಳ್ತೇನಿ. ನೀರು ಮುಗೀತು. ಬಿಸ್ಕೀಟು ಮುಗೀತು. ಗುಂಡೂ ಮುಗದ್ವು...”

ಉಸಿರು ಬಂತು. ಕೈ ಬಕಲಿಗೆ ಹೋಯಿತು. ಧ್ವನಿ ಮಾತ್ರ ಬರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಗಂಟಲಿನಿಂದ ಏನೂ ಹೊರಡುತ್ತಿರಲಿಲ್ಲ. ನನ್ನ ಕಡೆ ನೋಡಿದರು. ಆ ನೋಟದ ಅರ್ಥ ಅಪ್ಪಣೆ.

ನಾನು ಎದ್ದು ಅವರ ಹಿಂದೆ ನಿಂತು, ಅವರ ಧ್ವನಿ ತೆಗೆದೆ. ನಗಿಸಲೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದ ಧ್ವನಿ. “ಕೆಳಗ ಬರ್ರಿ ಅಂತ ಹುಕುಂ ಆತು ಅವ್ವಾ. ಇದ್ದಬಿದ್ದ ಗುಂಡೆಲ್ಲಾ ದಾವಲ್ ಕಡೆ ಕೊಟ್ವಿ. ‘ನೀವು ನಡೀರಿ, ನಾ ಹಿಂದಿಂದ ಬಂದೆ’ ಅಂದ. ನಾವು ನಡದ್ವಿ. ಅವ ಉಳದ. ನಾವು ಇಳದ್ವಿ. ಬಾವುಟ ಹಚ್ಚಿದವರು ಬ್ಯಾರೆಯವರು, ಆಮ್ಯಾಲ.”

ಅಮ್ಮನ ಕೈ ನಿಂತಿತು. ಮಾತು ನನ್ನ ಬಾಯಿಯಿಂದ ಬರುತ್ತಿದ್ದರೂ ಅವರು ನನ್ನನ್ನು ನೋಡಲೇ ಇಲ್ಲ. ಸಾಹೇಬರ ಮುಖವನ್ನೇ ನೋಡುತ್ತಿದ್ದರು. ಆ ಮುಖದ ಮೇಲೆ ನೀರು ಇಳಿಯುತ್ತಿತ್ತು. ಅದಕ್ಕೆ ಮೆಣಸಿನಕಾಯಿಯ ಘಾಟು ಕಾರಣವೆಂದು ಅಲ್ಲಿ ಯಾರೂ ಹೇಳಲಿಲ್ಲ.

ಅಮ್ಮ ಕೇಳಿದರು: “ಇಳದವರು ಎಲ್ಲಾರೂ ಕೆಳಗ ಮುಟ್ಟಿದ್ರೇನು?”

ಸಾಹೇಬರಿಗೆ ಆಗ ಧ್ವನಿ ಬಂತು. “ಮುಟ್ಟಿದ್ವಿ ಅವ್ವಾ. ಎಲ್ಲಾರೂ.”

ಅಮ್ಮ ತಲೆಯಾಡಿಸಿ ಇನ್ನೊಂದು ಮೆಣಸಿನಕಾಯಿ ಕೈಗೆತ್ತಿಕೊಂಡರು.

ಸಾವಕಾರರಿಗೆ ಕುರ್ಚಿ ಚುಚ್ಚತೊಡಗಿತ್ತು. “ಆತಪ್ಪ, ಆಗಿದ್ದು ಆಗೈತಿ. ಅದನ್ನೆಲ್ಲಾ ಕಲ್ಲಿನ ಮ್ಯಾಲ ಯಾಕ?” ಎಂದು ನನ್ನ ಕಡೆ ಬಾಗಿ, “ನೀವಾರ ಹೇಳ್ರಲಾ. ಪ್ರೋಗ್ರಾಮಿನ್ಯಾಗ ಒಂದ ಬಾವುಟ ನೆಟ್ಟಬಿಟ್ರ ಯಾರಿಗೇನು ಲುಕ್ಸಾನು?”

“ಸಾವಕಾರ್ರ, ನಾ ಒಮ್ಮೆ ಅಮೆರಿಕಾನ ಗೆಲ್ಲಿಸಿ ಮಾರಿ ಸುಟಗೊಂಡೇನಿ. ಬ್ಯಾಡ್ರಿ.”

ಅವರಿಗೆ ಅದು ಅರ್ಥವಾಗಲಿಲ್ಲ. ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು. “ಅಮ್ಮಾ, ನೀವ ವಿಚಾರ ಮಾಡ್ರಿ. ಶಾಲಿ ಮುಂದ ನಾಕ ಮಂದಿ ಓದೋ ಕಲ್ಲು. ಗುಡ್ಡ ಬಿಟ್ಟು ಇಳದ ಬಂದ್ರು ಅಂತ ಬರಸಿದ್ರ, ನೋಡಿದ ಮಂದಿ ಏನಂತಾರ?”

ಮಾಬುಬಿ ಅಮ್ಮ ತೊಟ್ಟು ಮುರಿದು, ಕಾಯಿಯನ್ನು ರಾಶಿಗೆ ಹಾಕಿ, ಸಾವಕಾರರನ್ನು ನೇರವಾಗಿ ನೋಡಿದರು.

“ನನ್ನ ಮಗ ಗುಡ್ಡ ಕಾಯಲಿಲ್ರೀ ಸಾವಕಾರ್ರ, ಇವರು ಇಳಿಯೋ ದಾರಿ ಕಾದ. ಅದನ್ನ ಬರಸ್ರಿ. ಮಂದಿ ಏನಂತಾರಂತ ತಿಳೀಬೇಕಂದ್ರ, ಇಳದ ಬಂದವರ ಹೆಂಡ್ರು ಮಕ್ಕಳನ್ನ ಕೇಳಿ ಬರ್ರಿ, ಹೋಗ್ರಿ.”